ಒಳಹರಿವು, ಹೊರಹರಿವು, ಅಪ್ಪನ ಐಎನ್‌ಆರ್

ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡ್ತೀನಿ.

ನಾನು ಕ್ಲಿನಿಕಲ್ ಡೇಟಾ ಮ್ಯಾನೇಜರ್. ಮಂಡ್ಯದಲ್ಲಿ ನಮ್ಮ ಮನೆಯ ಮಹಡಿ ಮೇಲಿನ ಕೋಣೆಯೇ ಆಫೀಸು, ಕಂಪನಿ ಇರೋದು ಬೆಂಗಳೂರಿನಲ್ಲಿ. ಔಷಧವನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡುವಾಗ ಬರುವ ನಂಬರುಗಳು ಸರಿಯಾಗಿವೆಯೇ ಅಂತ ನೋಡುವುದು ನನ್ನ ಕೆಲಸ. ಯಾರಿಗೆ ಎಷ್ಟು ಗಂಟೆಗೆ ಮಾತ್ರೆ ಕೊಟ್ಟರು, ಎಷ್ಟು ಗಂಟೆಗೆ ರಕ್ತ ತೆಗೆದರು, ಆ ರಕ್ತದಲ್ಲಿ ಔಷಧ ಎಷ್ಟಿತ್ತು, ಇಂಥವು. ಅನುಮಾನ ಬಂದರೆ ‘ಕ್ವೆರಿ’ ಎತ್ತಬೇಕು, ಸಂಬಂಧಪಟ್ಟವರು ಉತ್ತರ ಕೊಡಬೇಕು. ಹನ್ನೊಂದು ವರ್ಷದಿಂದ ಇದೇ ಮಾಡ್ತಿದ್ದೀನಿ. ಓದಿದ್ದು ಬಿ.ಎಸ್ಸಿ., ಫಿಸಿಕ್ಸು, ಮ್ಯಾಥ್ಸು, ಕಂಪ್ಯೂಟರ್ ಸೈನ್ಸು. ಎಸೆಸೆಲ್ಸಿಯಲ್ಲಿ ಹೃದಯದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದ ದಿನವೇ ಜೀವಶಾಸ್ತ್ರಕ್ಕೂ ನನಗೂ ಇದ್ದ ಸಂಬಂಧ ಮುಗಿದಿತ್ತು.

ಹೋದ ವರ್ಷ ಒಂದು ಸ್ಟಡಿ ಬಂತು. ಔಷಧದ ಹೆಸರು ಮೈಕೊಫೆನೊಲೇಟ್. ಕಿಡ್ನಿ ಕಸಿ ಮಾಡಿಸಿಕೊಂಡವರ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಕೊಡುವ ಮಾತ್ರೆ. ಜೆನೆರಿಕ್ ಮಾತ್ರೆಯೂ ಮೂಲ ಮಾತ್ರೆಯಷ್ಟೇ ರಕ್ತಕ್ಕೆ ಸೇರುತ್ತದೆಯೇ ಎಂದು ಆರೋಗ್ಯವಂತರಲ್ಲಿ ಪರೀಕ್ಷಿಸುವುದು. ನಾನು ಜಾಣತನ ಮಾಡಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ: ಔಷಧದ ಮಟ್ಟ ಒಮ್ಮೆ ತುದಿ ಮುಟ್ಟಿದ ಮೇಲೆ ಇಳಿಯುತ್ತಲೇ ಹೋಗಬೇಕು, ಮತ್ತೆ ಏರಿದರೆ ಕೆಂಪು ಬಣ್ಣ. ಓಡಿಸಿದ್ದೇ ತಡ, ಪರದೆ ತುಂಬ ಕೆಂಪೋ ಕೆಂಪು. 8ನೇ ಗಂಟೆ, 10ನೇ ಗಂಟೆಯಲ್ಲಿ ಅರ್ಧಕ್ಕೂ ಹೆಚ್ಚು ಜನರಲ್ಲಿ ಮಟ್ಟ ಮತ್ತೆ ತಲೆ ಎತ್ತಿದೆ. ರಕ್ತದ ಟ್ಯೂಬುಗಳು ಅದಲುಬದಲಾಗಿವೆ ಅಂತ ನಾನೇ ತೀರ್ಪು ಕೊಟ್ಟು, ಸಂಜೆಯೊಳಗೆ ಲ್ಯಾಬಿಗೆ ನಲವತ್ತು ಚಿಲ್ಲರೆ ಕ್ವೆರಿ ಕಳಿಸಿ, ಮೇಲಿನವರಿಗೂ ಒಂದು ಮೇಲ್ ಹಾಕಿ, ಏನೋ ದೊಡ್ಡ ಹಗರಣ ಬಯಲಿಗೆಳೆದವಳ ಹಾಗೆ ಕೆಳಗಿಳಿದು ಕಾಫಿ ಕುಡಿದೆ.

ಮಾರನೇ ದಿನದ ಕಾಲ್‌ನಲ್ಲಿ ಹತ್ತು ಜನ ಇದ್ದರು. ಲ್ಯಾಬಿನ ವಿಜ್ಞಾನಿ ಬಹಳ ಮೆತ್ತಗೆ ಕೇಳಿದರು, “ಮೇಡಂ, ಎಂಟರೋಹೆಪಾಟಿಕ್ ರೀಸರ್ಕ್ಯುಲೇಶನ್ ಅಂತ ಕೇಳಿದ್ದೀರಾ?”

ಕೇಳಿರಲಿಲ್ಲ.

ವಿಷಯ ಇಷ್ಟೇ. ಲಿವರ್ ಈ ಔಷಧಕ್ಕೆ ಸಕ್ಕರೆ ಜಾತಿಯ ಒಂದು ಬಾಲ ಅಂಟಿಸಿ, ಪಿತ್ತದ ಜತೆ ಕರುಳಿಗೆ ಸಾಗಹಾಕುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಆ ಬಾಲವನ್ನು ಕತ್ತರಿಸುತ್ತವೆ. ಬಾಲ ಹೋದ ಔಷಧ ಮತ್ತೆ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಮಾತ್ರೆ ನುಂಗಿದ 6ರಿಂದ 12 ಗಂಟೆಯ ನಡುವೆ ಎರಡನೇ ಏರು ಬರುವುದು ಈ ಔಷಧದ ಹುಟ್ಟುಗುಣ. ನಮ್ಮ ಕಡೆ ಗದ್ದೆಗೆ ಹಾಯಿಸಿದ ನೀರು ಬಸಿದು ಹಳ್ಳ ಸೇರಿ, ಮುಂದಿನ ಊರಿನವರ ಕಟ್ಟೆಯಲ್ಲಿ ನಿಂತು ಅವರ ಗದ್ದೆಗೆ ಹರಿಯುತ್ತಲ್ಲ, ಹಾಗೆ. ಬಸಿ ನೀರು ನೋಡಿ “ನಾಲೆ ಒಡೆದಿದೆ” ಅಂತ ನೀರಾವರಿ ಇಲಾಖೆಗೆ ಫೋನ್ ಮಾಡಿದವಳ ಸ್ಥಿತಿ ನನ್ನದು. ಒಂದೊಂದೇ ಕ್ವೆರಿ ತೆರೆದು ವಾಪಸ್ ತಗೊಂಡೆ, ನಲವತ್ತು ಚಿಲ್ಲರೆ ಸಲ.

ಕಂಪನಿಯಲ್ಲಿ ಟ್ರೈನಿಂಗ್ ಕೊಡಲ್ವಾ ಅಂದ್ರೆ, ಕೊಡ್ತಾರೆ. ತೊಂಬತ್ತು ಸ್ಲೈಡು, ಕೊನೆಗೆ ಹತ್ತು ಪ್ರಶ್ನೆ, ಎಂಟು ಸರಿಯಾದರೆ ಸರ್ಟಿಫಿಕೇಟು. ನಾನು ಮೂರು ಸಲ ಪಾಸಾಗಿದ್ದೀನಿ. ಎರಡು ಸಲ ಅನ್ನಕ್ಕಿಟ್ಟು ಬಂದು, ಕುಕ್ಕರ್ ಮೂರನೇ ಸೀಟಿ ಹಾಕುವುದರೊಳಗೆ.

ನನ್ನನ್ನು ಉದ್ಧಾರ ಮಾಡಿದ್ದು ಮೈಸೂರಿನ ಒಬ್ಬ ಮೇಷ್ಟ್ರು. ಮೆಡಿಕಲ್ ಓದುವವರಿಗೆ ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ, ಹೇಳಿಕೊಟ್ಟು ನಿವೃತ್ತರಾದವರು, ಸರಸ್ವತಿಪುರದಲ್ಲಿ ಮನೆ. ನಮ್ಮ ಚಿಕ್ಕಪ್ಪನಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್‌ನಲ್ಲಿ ಗಂಟುಬಿದ್ದ ಸ್ನೇಹ. “ಭಾನುವಾರ ಬರಲಿ, ಆದರೆ ಪರೀಕ್ಷೆಗೆ ಓದೋ ಥರ ಬರಬಾರದು” ಅಂತ ಹೇಳಿ ಕಳಿಸಿದ್ದರು. ಭಾನುವಾರ ಬೆಳಿಗ್ಗೆ ಮಂಡ್ಯದಲ್ಲಿ ರೈಲು ಹತ್ತಿ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಹೋಗ್ತಿದ್ದೆ. ಸುಮಾರು ಮೂರು ತಿಂಗಳು.

ಮೊದಲನೇ ದಿನ ನೋಟ್‌ಬುಕ್ ತೆಗೆದಿಟ್ಟುಕೊಂಡು ಕೂತಿದ್ದೆ, ವ್ಯಾಖ್ಯೆ ಬರೆಸ್ತಾರೆ ಅಂತ. ಅವರು ಕೇಳಿದ್ದು, “ಮಂಡ್ಯದವಳು ತಾನೆ? ಕನ್ನಂಬಾಡಿ ಇವತ್ತು ಎಷ್ಟಿದೆಯಮ್ಮ?”

ನನಗೆ ಗೊತ್ತಿತ್ತು. ಅಪ್ಪ ಪೇಪರ್ ಬಂದ ತಕ್ಷಣ ಮೊದಲು ಹುಡುಕೋದು ಆ ಪುಟ್ಟ ಚೌಕವನ್ನೇ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಓದಿ ಹೇಳಿದ ಮೇಲೇನೇ ನಮ್ಮ ಮನೆಯಲ್ಲಿ ಬೆಳಗಾಗೋದು.

“ಹಾಗಾದ್ರೆ ಅರ್ಧ ಫಾರ್ಮಕೊಕೈನೆಟಿಕ್ಸ್ ನಿನಗೆ ಬಂದಂಗೇ” ಅಂದರು. ಔಷಧವನ್ನು ದೇಹ ಹೇಗೆ ನಡೆಸಿಕೊಳ್ಳುತ್ತೆ ಅಂತ ಲೆಕ್ಕ ಹಾಕುವ ವಿದ್ಯೆಗೆ ಆ ಹೆಸರು. ದಿನಾ ನುಂಗುವ ಮಾತ್ರೆ ಒಳಹರಿವು. ಲಿವರ್, ಕಿಡ್ನಿ ಸೇರಿ ಹೊರಹಾಕುವುದು ಹೊರಹರಿವು. ರಕ್ತದಲ್ಲಿ ಔಷಧ ಎಷ್ಟಿದೆ ಅನ್ನೋದು ಕಟ್ಟೆಯ ಮಟ್ಟ. ಎರಡೂ ಹರಿವು ಸಮ ಆದಾಗ ಮಟ್ಟ ನಿಂತಲ್ಲೇ ನಿಲ್ಲುತ್ತದಲ್ಲ, ನಾನು ವರ್ಷಗಟ್ಟಲೆ ಪ್ರೋಟೋಕಾಲ್‌ಗಳಲ್ಲಿ (ಸ್ಟಡಿ ಹೇಗೆ ನಡೆಸಬೇಕು ಅಂತ ಬರೆದಿಟ್ಟ ಯೋಜನೆಗಳಲ್ಲಿ) ನೋಡುತ್ತ ಬಂದ ‘ಸ್ಟೆಡಿ ಸ್ಟೇಟ್’ ಅಂದರೆ ಅದು.

ಆಮೇಲೆ ತಾವೇ ಕಟ್ಟಿದ ಹೋಲಿಕೆಯನ್ನು ತಾವೇ ಒಡೆದರು. ಕನ್ನಂಬಾಡಿಯಲ್ಲಿ ಗೇಟು ಎಷ್ಟು ಎತ್ತಬೇಕು ಅಂತ ಎಂಜಿನಿಯರು ತೀರ್ಮಾನ ಮಾಡ್ತಾರೆ. ದೇಹದಲ್ಲಿ ಎಂಜಿನಿಯರಿಲ್ಲ. ಮಟ್ಟ ಹೆಚ್ಚಿದ್ದರೆ ಹೊರಹರಿವೂ ಹೆಚ್ಚು, ಮಟ್ಟ ಇಳಿದರೆ ಅದೂ ಸಣ್ಣಗಾಗುತ್ತದೆ. ಮಹಡಿ ಮೇಲಿನ ಟ್ಯಾಂಕಿನಲ್ಲಿ ನೀರು ಕಡಿಮೆಯಾದಂತೆ ನಲ್ಲಿಯ ಧಾರೆ ಸಣ್ಣಗಾಗುವ ಹಾಗೆ. ಅದಕ್ಕೇ ಔಷಧ ಗಂಟೆಗೆ ಇಷ್ಟು ಮಿಲಿಗ್ರಾಂ ಅಂತ ಖಾಲಿಯಾಗದೆ, ಅರ್ಧ, ಅರ್ಧದಲ್ಲಿ ಅರ್ಧ ಅಂತ ಖಾಲಿಯಾಗುತ್ತದೆ. 100, 50, 25, 12.5, 6.25, 3.125. ಹೀಗೆ ಒಂದು ಸಲ ಅರ್ಧವಾಗಲು ಹಿಡಿಯುವ ಹೊತ್ತೇ ಅರ್ಧಾಯುಷ್ಯ. ಐದು ಅರ್ಧಾಯುಷ್ಯ ಕಳೆದರೆ ನೂರಕ್ಕೆ 97 ಭಾಗ ಹೋಗಿರುತ್ತದೆ. ಏರುವಾಗಲೂ ಅದೇ ಲೆಕ್ಕ, ದಿನಾ ಮಾತ್ರೆ ನುಂಗುತ್ತಿದ್ದರೆ ಐದು ಅರ್ಧಾಯುಷ್ಯಕ್ಕೆ ಮಟ್ಟ ನೆಲೆಗೆ ಬರುತ್ತದೆ. ಒಂದೇ ವಾಲಂಟಿಯರ್‌ಗೆ ಮೊದಲು ಒಂದು ಮಾತ್ರೆ, ಆಮೇಲೆ ಇನ್ನೊಂದು ಕೊಡುವ ಸ್ಟಡಿಗಳಲ್ಲಿ ನಡುವೆ ‘ವಾಶ್‌ಔಟ್’ ಅಂತ ಬಿಡುವು ಇಡ್ತಾರೆ. ಕಡೇಪಕ್ಷ ಐದು ಅರ್ಧಾಯುಷ್ಯ ಅಂತ ಪ್ರೋಟೋಕಾಲ್‌ನಲ್ಲಿ ಬರೆದಿರುತ್ತೆ. ಐದೇ ಯಾಕೆ ಅಂತ ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನಗೆ ಕೇಳಬೇಕು ಅನ್ನಿಸಿರಲಿಲ್ಲ ನೋಡಿ.

(ಆಲ್ಕೋಹಾಲ್ ಈ ಲೆಕ್ಕಕ್ಕೆ ಸಿಗಲ್ಲ. ಅದನ್ನು ಒಡೆಯುವ ಕಿಣ್ವ ಬೇಗ ಸುಸ್ತಾಗಿಬಿಡುತ್ತೆ, ಆಮೇಲೆ ಎಷ್ಟು ಕುಡಿದರೂ ಗಂಟೆಗೆ ಇಂತಿಷ್ಟೇ ಖಾಲಿ. ಮೂರ್ಛೆರೋಗದ ಫೆನಿಟಾಯಿನ್ ಕೂಡ ಮೇಲಿನ ಡೋಸಿನಲ್ಲಿ ಇದೇ ಬುದ್ಧಿ ತೋರಿಸುತ್ತೆ. ಸ್ವಲ್ಪ ಡೋಸ್ ಹೆಚ್ಚಿಸಿದರೆ ಮಟ್ಟ ದಿಢೀರನೆ ಎಲ್ಲಿಗೋ ಹೋಗಿಬಿಡಬಹುದು.)

ಕ್ಲಿಯರೆನ್ಸ್ ಅನ್ನೋದು ಮಾತ್ರ ಎರಡು ವಾರ ನನ್ನ ತಲೆ ತಿಂತು. ಔಷಧ ಹೊರಹೋಗುವ ವೇಗ ಅಂದಮೇಲೆ ಗಂಟೆಗೆ ಇಷ್ಟು ಮಿಲಿಗ್ರಾಂ ಇರಬೇಕು ತಾನೆ? ಪಟ್ಟಿಯಲ್ಲಿ ನೋಡಿದರೆ ಗಂಟೆಗೆ ಇಷ್ಟು ಲೀಟರ್ ಅಂತಿರುತ್ತೆ. ಮೇಷ್ಟ್ರು ಅಡುಗೆಮನೆಯ ವಾಟರ್ ಫಿಲ್ಟರ್ ತೋರಿಸಿದರು. ಅದು ಗಂಟೆಗೆ ಹತ್ತು ಲೀಟರ್ ಸೋಸುತ್ತೆ. ನೀರು ರಾಡಿಯಾಗಿದ್ದರೂ ಹತ್ತು ಲೀಟರೇ, ತಿಳಿಯಾಗಿದ್ದರೂ ಹತ್ತು ಲೀಟರೇ. ಸಿಕ್ಕುವ ಕೆಸರು ಮಾತ್ರ ಬೇರೆಬೇರೆ. ಗಂಟೆಗೆ ಎಷ್ಟು ಲೀಟರ್ ರಕ್ತ ಆ ಔಷಧದಿಂದ ಪೂರ್ತಿ ಚೊಕ್ಕಟವಾಗುತ್ತೆ, ಅದು ಕ್ಲಿಯರೆನ್ಸ್.

ಇನ್ನೊಂದು ತಮಾಷೆಯ ಪದ ‘ವಾಲ್ಯೂಮ್ ಆಫ್ ಡಿಸ್ಟ್ರಿಬ್ಯೂಶನ್’, ಔಷಧ ಎಷ್ಟು ಜಾಗದಲ್ಲಿ ಹರಡಿಕೊಂಡಂತೆ ಕಾಣುತ್ತೆ ಅನ್ನುವ ಲೆಕ್ಕ. ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ಗೆ ಇದು ಸುಮಾರು 500 ಲೀಟರ್ ಅಂತೆ. ಒಬ್ಬ ಮನುಷ್ಯನೊಳಗೆ ಐನೂರು ಲೀಟರ್! ನಮ್ಮ ಮನೆ ಸಿಂಟೆಕ್ಸ್ ಟ್ಯಾಂಕೇ ಅಷ್ಟಿರೋದು. ಇದಕ್ಕೆ ಉತ್ತರ ನನಗೆ ರೈಲಿನಲ್ಲಿ ವಾಪಸ್ ಬರುವಾಗ, ಅವ್ವನನ್ನು ನೆನೆಸಿಕೊಂಡು ಹೊಳೆದಿದ್ದು. ಅಪ್ಪನ ಬಿಳಿ ಪಂಚೆಗೆ ಅವ್ವ ಬಕೆಟ್ಟಿಗೆ ನಾಲ್ಕು ತೊಟ್ಟು ನೀಲಿ ಹಾಕ್ತಾಳೆ. ಪಂಚೆ ಅದ್ದುವ ಮೊದಲು ನೀರು ಗಾಢ ನೀಲಿ. ಅದ್ದಿ ಐದು ನಿಮಿಷ ಬಿಟ್ಟರೆ ನೀರು ಪೇಲವ, ಬಣ್ಣವೆಲ್ಲ ಬಟ್ಟೆಯೊಳಗೆ. ಬಟ್ಟೆ ಇರೋದು ಗೊತ್ತಿಲ್ಲದವನು ಬರೀ ನೀರಿನ ಬಣ್ಣ ನೋಡಿ, “ನಾಲ್ಕು ತೊಟ್ಟು ನೀಲಿ ಇಷ್ಟು ತೆಳುವಾಗಬೇಕಾದರೆ ಈ ಬಕೆಟ್ಟು ಬಾವಿಯಷ್ಟು ದೊಡ್ಡದಿರಬೇಕು” ಅಂತ ಲೆಕ್ಕ ಹಾಕ್ತಾನೆ. ಡಿಗಾಕ್ಸಿನ್ ರಕ್ತದಲ್ಲಿ ನಿಲ್ಲದೆ ಸ್ನಾಯುಗಳಿಗೆ ಹೋಗಿ ಅಂಟಿಕೊಳ್ಳುತ್ತೆ, ರಕ್ತ ಮಾತ್ರ ನೋಡುವವನಿಗೆ ಐನೂರು ಲೀಟರ್ ಕಾಣುತ್ತೆ. ಮುಂದಿನ ಭಾನುವಾರ ಮೇಷ್ಟ್ರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಮೂವತ್ತು ವರ್ಷ ಪಾಠ ಮಾಡಿದೆ, ನನಗಿದು ಹೊಳೀಲಿಲ್ವಲ್ಲ” ಅಂದರು. ಆ ಮಾತು ನನಗೆ ಮೂರು ಸರ್ಟಿಫಿಕೇಟಿಗಿಂತ ದೊಡ್ಡದು, ಹೇಳಿಕೊಳ್ಳೋಕೆ ನಾಚಿಕೆಯೇನಿಲ್ಲ.

ಇಷ್ಟೆಲ್ಲ ಓದುತ್ತಿರುವಾಗಲೇ ಅಪ್ಪನ ಪ್ರಕರಣ ಆಯ್ತು.

ಅಪ್ಪನಿಗೆ ಆರು ವರ್ಷದ ಹಿಂದೆ ಹೃದಯದ ಕವಾಟ ಬದಲಿಸಿದ್ದಾರೆ. ಲೋಹದ ಕವಾಟ, ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ದಿನಾ ಸಂಜೆ 5 ಮಿಲಿಗ್ರಾಂ ವಾರ್ಫರಿನ್. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತೆ ಅಂತ ತೋರಿಸುವ ನಂಬರು ಐಎನ್‌ಆರ್. ಮಾತ್ರೆ ತಗೊಳ್ಳದವರಿಗೆ 1ರ ಆಸುಪಾಸು, ಅಪ್ಪನಿಗೆ 2.5ರಿಂದ 3.5ರೊಳಗೆ ಇರಬೇಕು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಕಡಿಮೆಯಾದರೆ ಹೆಪ್ಪಿನ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ.

ಒಂದು ದಿನ ರೈಲು ಟಿಕೆಟಿನ ಹಿಂದೆ ಅಪ್ಪನ ಲೆಕ್ಕ ಹಾಕಿದೆ. ವಾರ್ಫರಿನ್‌ನ ಕ್ಲಿಯರೆನ್ಸ್ ಗಂಟೆಗೆ ಸುಮಾರು 0.2 ಲೀಟರ್, ಬಹಳ ಸಣ್ಣ ನಲ್ಲಿ. ದಿನಕ್ಕೆ 5 ಮಿಲಿಗ್ರಾಂ ಅಂದರೆ ಗಂಟೆಗೆ ಹೆಚ್ಚುಕಡಿಮೆ 0.2 ಮಿಲಿಗ್ರಾಂ ಒಳಹರಿವು. 0.2ನ್ನು 0.2ರಿಂದ ಭಾಗಿಸಿದರೆ ಲೀಟರಿಗೆ 1 ಮಿಲಿಗ್ರಾಂ. ಇದು ಅಪ್ಪನ ಕಟ್ಟೆಯ ಮಟ್ಟ. ಅದು ಹರಡಿಕೊಳ್ಳುವ ಜಾಗ ಸುಮಾರು 10 ಲೀಟರ್, ಅರ್ಧಾಯುಷ್ಯದ ಸೂತ್ರದಲ್ಲಿ ಬರುವ 0.7ನ್ನು 10ರಿಂದ ಗುಣಿಸಿ 0.2ರಿಂದ ಭಾಗಿಸಿದರೆ ಅರ್ಧಾಯುಷ್ಯ 35 ಗಂಟೆ. ಪುಸ್ತಕದಲ್ಲಿ ಸರಾಸರಿ 40 ಗಂಟೆ ಅಂತಿದೆ. ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲು ಧಡಧಡ ಅನ್ನುವಾಗ ಉತ್ತರ ತಾಳೆಯಾಯ್ತು. ಟಿಕೆಟ್ಟು ಇನ್ನೂ ನನ್ನ ಪರ್ಸಿನಲ್ಲಿದೆ.

ಆಮೇಲೆ ಎರಡು ವಾರಕ್ಕೆ, ಪಕ್ಕದೂರಿನ ಹಬ್ಬದೂಟ ಮುಗಿಸಿ ಬಂದ ಅಪ್ಪನಿಗೆ ಹೊಟ್ಟೆ ಕೆಟ್ಟಿತು. ನನಗೆ ಹೇಳದೆ ಮೆಡಿಕಲ್ ಸ್ಟೋರ್‌ಗೆ ಹೋಗಿ ಕೇಳಿದ್ದಾರೆ, ಅವರು ಚೀಟಿ ಗೀಟಿ ಕೇಳದೆ ಐದು ದಿನಕ್ಕಾಗುವಷ್ಟು ಮೆಟ್ರೊನಿಡಜೋಲ್ ಕೊಟ್ಟಿದ್ದಾರೆ. ಹೊಟ್ಟೆ ಸರಿಹೋಯ್ತು. ಆರನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಉಗಿದಿದ್ದೆಲ್ಲ ಕೆಂಪು. ಬಚ್ಚಲಲ್ಲಿ ನಿಂತು ಅದನ್ನೇ ನೋಡ್ತಾ ಇದ್ದರು, ಕರೀಲೂ ಇಲ್ಲ. ಟೆಸ್ಟ್ ಮಾಡಿಸಿದರೆ ಐಎನ್‌ಆರ್ 6.1.

ಡಾಕ್ಟರು ಕೇಳಿದರು, “ಬೇರೆ ಯಾವುದಾದ್ರೂ ಮಾತ್ರೆ ತಗೊಂಡ್ರಾ ಯಜಮಾನ್ರೇ?” ಅಪ್ಪ ಖಡಾಖಂಡಿತವಾಗಿ ಇಲ್ಲ ಅಂದರು. ಅವರ ಲೆಕ್ಕದಲ್ಲಿ ಹೊಟ್ಟೆಮಾತ್ರೆ ಮಾತ್ರೆ ಅಲ್ಲ. ಅಂಗಿ ಜೇಬಿನಲ್ಲಿ ಖಾಲಿ ಸ್ಟ್ರಿಪ್ ಸಿಕ್ಕಿದ್ದು ಅವ್ವ ಬಟ್ಟೆ ನೆನೆಹಾಕುವಾಗ.

ನನಗೆ ಆ ಕ್ಷಣ ಟಿಕೆಟ್ಟಿನ ಹಿಂದಿನ ಲೆಕ್ಕ ಕಣ್ಣಮುಂದೆ ಬಂತು. ವಾರ್ಫರಿನ್ ಅಂದರೆ ಒಂದರ ಕನ್ನಡಿ ಬಿಂಬದಂತೆ ಇನ್ನೊಂದಿರುವ ಎರಡು ಅವಳಿಗಳ ಮಿಶ್ರಣ. ಅದರಲ್ಲಿ ಜೋರಿನ ಅವಳಿಯನ್ನು ಲಿವರಿನ ಸಿವೈಪಿ2ಸಿ9 ಅನ್ನುವ ಕಿಣ್ವ ಒಡೆಯುತ್ತದೆ. ಮೆಟ್ರೊನಿಡಜೋಲ್ ಅದೇ ಕಿಣ್ವದ ಕೈ ಕಟ್ಟುತ್ತೆ. ಒಳಹರಿವು ಅಷ್ಟೇ ಇದೆ, ದಿನಕ್ಕೆ 5 ಮಿಲಿಗ್ರಾಂ, ನಲ್ಲಿ ಕಿರಿದಾಯ್ತು, ಕಟ್ಟೆ ಏರಿತು. ಅಪ್ಪ ಒಂದು ಮಾತ್ರೆಯೂ ಜಾಸ್ತಿ ನುಂಗದೆ ಅವರ ಡೋಸ್ ಜಾಸ್ತಿಯಾಗಿತ್ತು.

ಡಾಕ್ಟರು ವಾರ್ಫರಿನ್ ನಿಲ್ಲಿಸಿ, ಎರಡು ದಿನ ಬಿಟ್ಟು ಬನ್ನಿ ಅಂದರು. ಮನೆಯಲ್ಲಿ ಗಾಬರಿ: ಮಾತ್ರೆ ನಿಲ್ಲಿಸಿದ ಮೇಲೂ ಯಾಕೆ ಇವತ್ತೇ ಇಳಿಯಲ್ಲ? ಇಲ್ಲಿ ಅಪ್ಪನಿಗೆ ನಾನೇ ಮೇಷ್ಟ್ರಾದೆ. “ಕನ್ನಂಬಾಡಿಯಲ್ಲಿ ನಾಲೆ ಬಿಟ್ಟ ದಿನವೇ ಮಳವಳ್ಳಿ ಕಡೆ ಕೊನೆ ಗದ್ದೆಗೆ ನೀರು ಬರುತ್ತಾ ಅಪ್ಪ?” “ಎಲ್ಲಿ ಬಂದಾತು, ದಿನಗಟ್ಟಲೆ ಬೇಕು.” “ಇದೂ ಹಂಗೇ.” ವಾರ್ಫರಿನ್ ರಕ್ತದಲ್ಲಿ ಆಗಲೇ ಇರುವ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಮುಟ್ಟಲ್ಲ. ಲಿವರ್ ಹೊಸದಾಗಿ ಮಾಡುವುದನ್ನು ತಡೆಯುತ್ತೆ ಅಷ್ಟೇ. ಹಳೆಯವು ತಾವಾಗಿ ಸವೆಯಬೇಕು. ಫ್ಯಾಕ್ಟರ್ 7 ಅನ್ನುವುದರ ಅರ್ಧಾಯುಷ್ಯ ಸುಮಾರು 6 ಗಂಟೆ, ಫ್ಯಾಕ್ಟರ್ 2 ಅನ್ನುವುದಕ್ಕೆ ಸುಮಾರು 60 ಗಂಟೆ. ಹಾಗಾಗಿ ಮಾತ್ರೆ ಶುರು ಮಾಡಿದರೂ ಪೂರ್ತಿ ಪರಿಣಾಮಕ್ಕೆ ದಿನಗಳು ಬೇಕು, ನಿಲ್ಲಿಸಿದರೂ ಔಷಧ ಖಾಲಿಯಾಗಿ ಲಿವರ್ ಹೊಸ ಪ್ರೋಟೀನು ಮಾಡಿಕೊಳ್ಳಲು ದಿನಗಳು ಬೇಕು. ಔಷಧದ ಮಟ್ಟವೇ ಬೇರೆ, ಅದರ ಪರಿಣಾಮವೇ ಬೇರೆ, ಎರಡರ ಗಡಿಯಾರವೂ ಬೇರೆ. ಆಸ್ಪಿರಿನ್ ಇದಕ್ಕಿಂತ ವಿಚಿತ್ರ. ರಕ್ತದಲ್ಲಿ ಅದರ ಅರ್ಧಾಯುಷ್ಯ 15–20 ನಿಮಿಷ, ಆದರೆ ಅದು ಒಮ್ಮೆ ಮುಟ್ಟಿದ ಪ್ಲೇಟ್‌ಲೆಟ್ ಸಾಯುವವರೆಗೂ, ಅಂದರೆ ವಾರ ಹತ್ತು ದಿನ, ಹೆಪ್ಪುಗಟ್ಟಿಸುವ ಕೆಲಸದಲ್ಲಿ ಹಿಂದೆ ಬಿದ್ದಿರುತ್ತೆ.

ಮೂರನೇ ದಿನ 3.4ಕ್ಕೆ ಬಂತು. ಕಥೆ ಮುಗೀತು ಅಂದುಕೊಂಡಿರಾ?

“ಅಷ್ಟು ರಕ್ತ ಹೋಗ್ಯದೆ” ಅಂತ ಅವ್ವ ಶುರು ಹಚ್ಚಿಕೊಂಡಳು. ಬೆಳಿಗ್ಗೆ ಎದ್ದರೆ ನುಗ್ಗೆಸೊಪ್ಪು, ಮಧ್ಯಾಹ್ನ ದಂಟಿನ ಸೊಪ್ಪು, ರಾತ್ರಿ ಬೆರಕೆ ಸೊಪ್ಪಿನ ಬಸ್ಸಾರು. ಮುದ್ದೆಯ ಬಣ್ಣವೇ ಕಾಣದಷ್ಟು ಸೊಪ್ಪು. ಮುಂದಿನ ತಿಂಗಳ ಐಎನ್‌ಆರ್ 1.8. ಈ ಸಲ ಅಪಾಯ ಇನ್ನೊಂದು ಕಡೆಯದು. ಸೊಪ್ಪಿನಲ್ಲಿ ವಿಟಮಿನ್ ಕೆ ದಂಡಿಯಾಗಿದೆ. ಲಿವರ್ ಆ ಪ್ರೋಟೀನುಗಳನ್ನು ತಯಾರು ಮಾಡುವಾಗ ವಿಟಮಿನ್ ಕೆ ಖರ್ಚಾಗುತ್ತೆ. ಖರ್ಚಾದದ್ದನ್ನು ಮತ್ತೆ ಬಳಕೆಗೆ ತರುವ ಕಿಣ್ವವನ್ನು ವಾರ್ಫರಿನ್ ಕಟ್ಟಿಹಾಕಿರುತ್ತೆ. ಹೊಸ ವಿಟಮಿನ್ ಕೆ ತಟ್ಟೆಯಿಂದಲೇ ಸುರಿಯುತ್ತಿದ್ದರೆ ಹಳೆಯದನ್ನು ಕಟ್ಟಿಹಾಕಿ ಏನು ಪ್ರಯೋಜನ?

ಮೇಷ್ಟ್ರಿಗೆ ಎರಡೂ ರಿಪೋರ್ಟು ತೋರಿಸಿದೆ. ಅವರು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, “ಪಾಠ ಮಾಡೋಕೆ ಇದಕ್ಕಿಂತ ಒಳ್ಳೇದು ಬೇಕೇನಮ್ಮ? ಒಬ್ಬನೇ ಮನುಷ್ಯ, ಒಂದೇ ಡೋಸು, ಎರಡು ನಂಬರು” ಅಂದರು. ಮೊದಲನೆಯ ಸಲ ದೇಹ ಔಷಧವನ್ನು ನಡೆಸಿಕೊಂಡ ರೀತಿ ಬದಲಾಯ್ತು, ರಕ್ತದಲ್ಲಿ ವಾರ್ಫರಿನ್ ಅಳೆದಿದ್ದರೆ ಜಾಸ್ತಿ ಸಿಗುತ್ತಿತ್ತು. ಎರಡನೆಯ ಸಲ ಔಷಧಕ್ಕೆ ದೇಹ ಕೊಟ್ಟ ಉತ್ತರ ಬದಲಾಯ್ತು, ಅಳೆದಿದ್ದರೆ ಮಾಮೂಲಿ ಮಟ್ಟವೇ ಸಿಗುತ್ತಿತ್ತು. ಸ್ಲೈಡಿನಲ್ಲಿ ಪಿಕೆ (ಫಾರ್ಮಕೊಕೈನೆಟಿಕ್ಸ್), ಪಿಡಿ (ಫಾರ್ಮಕೊಡೈನಮಿಕ್ಸ್) ಅಂತ ಎರಡೆರಡು ಅಕ್ಷರದಲ್ಲಿ ಕೊಡ್ತಾರಲ್ಲ, ಆ ಎರಡು ಇವು. ನನ್ನ ಪರದೆಯ ಮೇಲೆ ಬರೋದು 6.1, 1.8 ಅನ್ನೋ ಅಂಕಿ ಮಾತ್ರ. ಹಿಂದೆ ಮೆಡಿಕಲ್ ಸ್ಟೋರ್ ಇದೆಯೋ ಬಸ್ಸಾರು ಇದೆಯೋ ಅಂಕಿಗೆ ಗೊತ್ತಿರಲ್ಲ. ಅದಕ್ಕೇ ‘ಜೊತೆಗೆ ತಗೊಂಡ ಬೇರೆ ಔಷಧಗಳು’ ಅನ್ನುವ ಫಾರಂ ಖಾಲಿ ಬಂದರೆ ನಾನು ಈಗ ಸುಮ್ಮನೆ ಬಿಡಲ್ಲ. ಅಂಗಿ ಜೇಬು ನೋಡಿದ್ದೀರಾ ಅಂತ ಕೇಳೋ ಧಾಟಿಯಲ್ಲೇ ಕ್ವೆರಿ ಹೋಗುತ್ತೆ.

(ಸೊಪ್ಪು ಬಿಡಬೇಕಾಗಿಲ್ಲ. ದಿನಾ ಹೆಚ್ಚುಕಡಿಮೆ ಅಷ್ಟಷ್ಟೇ ತಿನ್ನಿ ಅಂತ ಡಾಕ್ಟರು ಹೇಳಿದ್ದು. ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ಏರಿಸಿ ಇಳಿಸಿ ಮಾಡಬೇಡಿ ದಯವಿಟ್ಟು.)

ಅಪ್ಪನಿಗೆ ವಾರ್ಫರಿನ್ ಹುಟ್ಟಿದ ಕಥೆ ಹೇಳಿದ್ದೇ ನನ್ನ ತಪ್ಪು. 1920ರ ದಶಕದಲ್ಲಿ ಅಮೆರಿಕ, ಕೆನಡಾದ ಕಡೆ ಮುಗ್ಗು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯ್ತಿದ್ದವು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮದ ಬಿರುಗಾಳಿಯಲ್ಲಿ, ಸತ್ತ ಹಸುವನ್ನೂ ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ಗಾಡಿಯಲ್ಲಿ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಲ್ಯಾಬಿಗೆ ಬಂದ. ವರ್ಷಗಳ ಮೇಲೆ ಆ ಮೇವಿನಿಂದ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕೂಮರಾಲ್ ಎಂಬ ವಸ್ತು ಬೇರ್ಪಟ್ಟಿತು. ಅದರ ತಮ್ಮನಂಥ ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದಿದ್ದು ಇಲಿ ಪಾಷಾಣವಾಗಿ. ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿದ್ದು 1954ರಲ್ಲಿ. ಹಸುವಿನ ತನಕ ಅಪ್ಪ ಕಣ್ಣರಳಿಸಿ ಕೇಳಿದರು, ಮಳೆಗೆ ನೆನೆದು ಮುಗ್ಗಿದ ಮೆದೆಯ ಹುಲ್ಲಿನ ಬಗ್ಗೆ ತಮ್ಮದೂ ಎರಡು ಮಾತು ಸೇರಿಸಿದರು. ಇಲಿ ಬಂದ ಮೇಲೆ ಮುಖ ಬದಲಾಯ್ತು.

“ಆರು ವರ್ಸದಿಂದ ನನಗೆ ಇಲಿ ಪಾಸಾಣ ಕೊಡ್ತಾವ್ರಾ?”

“ಡೋಸ್ ಬೇರೆ ಕಣಪ್ಪ.”

“ಇಲಿಗೂ ಹಂಗೇ ಹೇಳಿರ್ತಾರೆ ಬುಡು.”

ಡೋಸಿನ ಬಗ್ಗೆ ಮೇಷ್ಟ್ರು ಹೇಳಿದ ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿತ್ತು. 2006ರ ಮಾರ್ಚ್ 13, ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣ. ಟಿಜಿಎನ್1412 ಎಂಬ ಹೊಸ ಆಂಟಿಬಾಡಿಯನ್ನು ಮೊಟ್ಟಮೊದಲ ಬಾರಿಗೆ ಆರು ಜನ ಆರೋಗ್ಯವಂತರಿಗೆ ಕೊಟ್ಟರು. ಕೋತಿಗಳಿಗೆ ಏನೂ ಆಗದ ಡೋಸಿನ 500ರಲ್ಲಿ ಒಂದು ಭಾಗ. ಕಾಗದದ ಮೇಲೆ ಅದಕ್ಕಿಂತ ಎಚ್ಚರಿಕೆ ಬೇಕೇ? ಗಂಟೆ ಎರಡು ಗಂಟೆಯೊಳಗೆ ಆರೂ ಜನ ಒದ್ದಾಡತೊಡಗಿದರು; ಅಂಗಾಂಗಗಳು ಸೋತು ಐಸಿಯು ಸೇರಿದರು. ಜೀವ ಉಳಿಯಿತು ಅನ್ನುವುದೊಂದೇ ಸಮಾಧಾನ. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಆ ‘ಸಣ್ಣ’ ಡೋಸೇ ಗುರಿಯಿಟ್ಟ ರಿಸೆಪ್ಟರ್‌ಗಳಲ್ಲಿ (ಜೀವಕೋಶದ ಮೇಲೆ ಔಷಧ ಹೋಗಿ ಕೂರುವ ಬೀಗಗಳು ಅನ್ನಿ) ನೂರಕ್ಕೆ ತೊಂಬತ್ತರಷ್ಟನ್ನು ಹಿಡಿದುಕೊಂಡಿರಬೇಕು. ಯಾರೂ ಬೀಗ ಎಷ್ಟಿವೆ, ಕೀಲಿ ಎಷ್ಟಿವೆ ಅಂತ ಎಣಿಸಿರಲಿಲ್ಲ, ಕೋತಿಯ ತೂಕ, ಮನುಷ್ಯನ ತೂಕ ಅಂತಷ್ಟೇ ನೋಡಿದ್ದರು. ಜತೆಗೆ ಒಬ್ಬರಾದ ಮೇಲೆ ಒಬ್ಬರಿಗೆ ಹತ್ತು ಹತ್ತು ನಿಮಿಷಕ್ಕೇ ಕೊಟ್ಟುಕೊಂಡು ಹೋಗಿದ್ದರು. ಈಗ ಮೊದಲ ಸಲ ಮನುಷ್ಯರಿಗೆ ಕೊಡುವಾಗ ಮೊದಲು ಒಬ್ಬರಿಗೆ ಕೊಟ್ಟು ಕಾದು ನೋಡ್ತಾರೆ. ‘ಸೆಂಟಿನೆಲ್’ ಅಂತ ಕರೀತಾರೆ. ನನ್ನ ಡೇಟಾಬೇಸಿನಲ್ಲೂ ಆ ಹೆಸರಿನ ಕಾಲಂ ಇದೆ. ಹೌದು ಅಥವಾ ಇಲ್ಲ ಅಂತ ತುಂಬಿಸುವ ಕಾಲಂ. ಅದರ ಹಿಂದೆ ಆರು ಹುಡುಗರು ಇದ್ದಾರೆ ಅಂತ ಎಷ್ಟು ವರ್ಷ ಗೊತ್ತಿಲ್ಲದೇ ತುಂಬಿಸಿದೆನೋ.

ಕಲಿತದ್ದು ಕೆಲಸಕ್ಕೆ ಬಂದ ಒಂದು ದಿನದ ಬಗ್ಗೆ ಹೇಳಿ ಮುಗಿಸ್ತೀನಿ. ಒಂದು ಸ್ಟಡಿಗೆ ವಾಲಂಟಿಯರ್‌ಗಳು ಸಹಿ ಹಾಕುವ ಒಪ್ಪಿಗೆ ಪತ್ರದ ಕನ್ನಡ ಅನುವಾದ ಬಂದಿತ್ತು. ಅದನ್ನು ನೋಡೋದು ನನ್ನ ಕೆಲಸವಲ್ಲ, ಕನ್ನಡ ಬರುತ್ತೆ ಅಂತ ಯಾರೋ ದಾಟಿಸಿದರು. “ಪರೀಕ್ಷೆಯ ಅವಧಿಯಲ್ಲಿ ದ್ರಾಕ್ಷಿ ಹಣ್ಣು ಅಥವಾ ಅದರ ರಸ ಸೇವಿಸಬಾರದು” ಅಂತಿತ್ತು. ದ್ರಾಕ್ಷಿ ಏನು ಪಾಪ ಮಾಡಿತ್ತು? ಇಂಗ್ಲಿಷ್ ಪ್ರತಿ ತೆಗೆದೆ. ಗ್ರೇಪ್‌ಫ್ರೂಟ್! 1989ರಲ್ಲಿ ಕೆನಡಾದಲ್ಲಿ ಬಿಪಿ ಮಾತ್ರೆ ಫೆಲೋಡಿಪಿನ್ ಜತೆ ಆಲ್ಕೋಹಾಲ್ ಸೇರಿದರೆ ಏನಾಗುತ್ತೆ ಅಂತ ನೋಡುವಾಗ, ಆಲ್ಕೋಹಾಲಿನ ರುಚಿ ಮುಚ್ಚಲು ಈ ಹಣ್ಣಿನ ರಸ ಬೆರೆಸಿದ್ದರು. ಔಷಧದ ಮಟ್ಟ ಹುಚ್ಚಾಪಟ್ಟೆ ಏರಿತು, ಕಾರಣ ರಸ. ಕರುಳಿನ ಗೋಡೆಯಲ್ಲಿ ಔಷಧವನ್ನು ಅರ್ಧದಾರಿಯಲ್ಲೇ ಒಡೆದುಹಾಕುವ ಸಿವೈಪಿ3ಎ4 ಎಂಬ ಕಿಣ್ವವನ್ನು ಅದು ಹಾಳುಗೆಡವುತ್ತೆ. ಆ ಹಣ್ಣು ನಮ್ಮ ಸಂತೆಯಲ್ಲಿ ಸಿಗಲ್ಲ. ಆದರೆ ಅದರ ಹೆತ್ತವರಲ್ಲಿ ಒಂದು ನಮ್ಮ ಚಕ್ಕೋತ! ಚಕ್ಕೋತ, ಕಿತ್ತಳೆ ಎರಡರ ಬೆರಕೆಯಿಂದ ಹುಟ್ಟಿದ್ದು ಗ್ರೇಪ್‌ಫ್ರೂಟ್, ಕಿಣ್ವ ಕೆಡಿಸುವ ಅದೇ ಪದಾರ್ಥಗಳು ಚಕ್ಕೋತದಲ್ಲೂ ಇವೆ. ಆ ಪತ್ರ ಹಾಗೇ ಹೋಗಿದ್ದರೆ ನಮ್ಮ ಜನ ದ್ರಾಕ್ಷಿ ಬಿಟ್ಟು, ಊರಿಂದ ಬಂದ ಚಕ್ಕೋತ ಬಿಡಿಸಿ ಉಪ್ಪು ಖಾರ ಹಾಕಿಕೊಂಡು ತಿಂತಾ ಕೂತಿರೋರು. ‘ಚಕ್ಕೋತ ಮತ್ತು ಆ ಜಾತಿಯ ಹಣ್ಣು’ ಅಂತ ತಿದ್ದಿಸಿದೆ. ಆ ಕಾಲ್‌ನಲ್ಲೂ ಹತ್ತು ಜನ ಇದ್ದರು, ಲ್ಯಾಬಿನ ಆ ವಿಜ್ಞಾನಿಯೂ ಸೇರಿ.

ಅಪ್ಪನ ಐಎನ್‌ಆರ್ ಪುಸ್ತಕ ಅಂದರೆ ಡೈರಿಗೆ ಹಾಲು ಹಾಕಿದ ಲೆಕ್ಕ ಬರೆಯುವ ಉದ್ದನೆಯ ನೋಟ್‌ಬುಕ್ಕಿನ ಹಿಂಬದಿ. ಅದಕ್ಕೆ ಸ್ಕೇಲ್ ಹಿಡಿದು ನಾನು ಎರಡು ಹೊಸ ಕಾಲಂ ಎಳೆದುಕೊಟ್ಟೆ: ‘ಸೊಪ್ಪು’, ‘ಬೇರೆ ಮಾತ್ರೆ’. ಸೊಪ್ಪಿನ ಕಾಲಂ ಅವರು ಶ್ರದ್ಧೆಯಿಂದ ತುಂಬಿಸ್ತಿದ್ದಾರೆ. “ಒಂದು ಹಿಡಿ”, “ಒಂದು ಹಿಡಿ”, “ಒಂದೂವರೆ, ನಿಮ್ಮವ್ವ ಕೇಳಲಿಲ್ಲ”. ಮೊನ್ನೆಯ ಐಎನ್‌ಆರ್ 2.9. ಬೇರೆ ಮಾತ್ರೆ ಏನೂ ತಗೊಂಡಿಲ್ಲವಾದ್ದರಿಂದ ಕೊನೆಯ ಕಾಲಂ ಖಾಲಿ ಬಿಡಲು ಮನಸ್ಸು ಬಂದಿಲ್ಲ ಅನ್ಸುತ್ತೆ. ಅದರಲ್ಲಿ ದಿನಾ ಕನ್ನಂಬಾಡಿ ಮಟ್ಟ ಬರೀತಿದ್ದಾರೆ.